ಸಹಗಮನವೂ ತಡೆದವರ ಮಾತೂ

೧

ನಮ್ಮ ನಾಡಿನ ಹಳ್ಳಿಗಳಲ್ಲಿ ಊರಮುಂದೆಯೋ ಕೆರೆಯ ಏರಿಯ ಮೇಲೆಯೋ ಹಾಳುಗುಡಿಯ ಮಗ್ಗುಲಲ್ಲಿಯೋ ಒಂದು ಬಗೆಯ ಕಲ್ಲು ಕಾಣಸಿಗುತ್ತದೆ. ಅದರಲ್ಲಿ ಕಂಬವೊಂದನ್ನು ಕೆತ್ತಿ, ಆ ಕಂಬದಿಂದ ಹೊರಚಾಚಿ ಮೊಳಕೈಯಲ್ಲಿ ಮೇಲಕ್ಕೆ ಮಡಿದಿರುವ ಹೆಂಗಸಿನ ತೋಳನ್ನು ತೋರಿಸಿರುತ್ತಾರೆ. ಕೈತುಂಬ ಬಳೆಗಳು, ಬೆರಳುಗಳ ನಡುವೆ ನಿಂಬೆಯ ಹಣ್ಣು, ಮೇಲ್ಗಡೆ ಸೂರ್ಯಚಂದ್ರರು. ಇದನ್ನು ಜನರು ಮಾಸ್ತಿಕಲ್ಲೆಂದು ಕರೆಯುವರು. ಮಾಸ್ತಿಯೆಂಬುದು ಮಹಾಸತಿಯೆಂಬ ಶಬ್ದದಿಂದ ಬಂದುದು. ಗಂಡನ ಮರಣಾನಂತರ ಅಗ್ನಿಯನ್ನು ಹೊಕ್ಕ ಹೆಂಗಸಿನ ನೆನಪಿಗಾಗಿ ನಿಲ್ಲಿಸಿದ ಕಲ್ಲು ಇದು.

ನಾನು ಬಾಲ್ಯದಲ್ಲಿ ಪಾಠಶಾಲೆಗೆ ಹೋಗುತ್ತಿದ್ದ ದಾರಿಯಲ್ಲಿ ಇಂತಹ ಕಲ್ಲೊಂದಿತ್ತು. ಶುಕ್ರವಾರಗಳಲ್ಲಿ ಊರಿನ ಮುತ್ತೈದೆಯರು ಅದಕ್ಕೆ ಅರಿಸಿನ ಕುಂಕುಮಗಳನ್ನು ಹಚ್ಚಿ ಹೂವಿಟ್ಟು ಹೋಗುತ್ತಿದ್ದರು. ಅದೇ ಕಾಲದಲ್ಲಿ ನಮ್ಮ ಮನೆಯಲ್ಲಿ ನನ್ನ ಅಜ್ಜಿಯ ತಂಗಿ ಇದ್ದರು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ಹೊದ್ದು ಜೀವಮಾನವನ್ನು ಕಳೆದವರು. ಮನೆಯಲ್ಲಿ ಮದುವೆ ಮುಂಜಿಗಳು ನಡೆದರೆ ಹಿತ್ತಲ ಕೋಣೆಯಿಂದ ಈಚೆಗೆ ಬರುತ್ತಿರಲಿಲ್ಲ. ಒಂದು ದಿನ ನಾನು ಹುಡುಗತನದಿಂದ ಕೇಳಿದೆನು: “ಚಿಕ್ಕಜ್ಜೀ, ಆ ಕಲ್ಲಿನವಳಿಗೂ ಗಂಡ ಸತ್ತಿದ್ದನಲ್ಲವೆ? ಅವಳಿಗೆ ಏಕೆ ಕುಂಕುಮ ಹಚ್ಚುತ್ತಾರೆ?” ಅವರು ಅಕ್ಕಿಯನ್ನು ಆರಿಸುತ್ತಲೇ “ಅವಳು ಸತ್ತಳಪ್ಪ, ಅದಕ್ಕೆ ಕುಂಕುಮ. ನಾನು ಉಳಿದೆ” ಎಂದರು.

ಆ ಮಾತಿನ ಅರ್ಥವು ಆಗ ನನಗೆ ತಿಳಿಯಲಿಲ್ಲ. ಧರ್ಮಶಾಸ್ತ್ರವನ್ನೂ ಕಾವ್ಯವನ್ನೂ ಓದಿ, ಶಾಸನಗಳ ಪಾಠಗಳನ್ನು ನೋಡತೊಡಗಿದ ಮೇಲೆ ಕ್ರಮೇಣ ತಿಳಿಯಿತು. ಸಹಗಮನದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಹಳವಾಗಿ ಪ್ರಚಾರದಲ್ಲಿವೆ. ಅದು ಸನಾತನಧರ್ಮದ ನಿರ್ವಿವಾದವಾದ ಅಂಗವಾಗಿತ್ತೆಂದು ಕೆಲವರು ಹೇಳುವರು. ಪರದೇಶದವರು ಬಂದು ಕಣ್ಣು ತೆರೆಯಿಸುವವರೆಗೆ ನಮ್ಮಲ್ಲಿ ಯಾರಿಗೂ ಅದು ತಪ್ಪೆಂದು ತೋರಲಿಲ್ಲವೆಂದು ಮತ್ತೆ ಕೆಲವರು ಹೇಳುವರು. ಆಧಾರಗಳನ್ನು ಕ್ರಮವಾಗಿ ನೋಡಿದರೆ ಎರಡು ಪಕ್ಷಗಳೂ ನಿಲ್ಲುವುದಿಲ್ಲ. ಹೋಗುವವಳನ್ನು ತಡೆದವರ ಮಾತು ಶಾಸ್ತ್ರದಲ್ಲಿಯೂ ಕಾವ್ಯದಲ್ಲಿಯೂ, ಕೊನೆಗೆ ಅವಳನ್ನು ಹೊಗಳುವ ಶಾಸನದಲ್ಲಿಯೂ ಕೇಳಿಬರುತ್ತದೆ. ಆ ಮಾತನ್ನು ಒಂದೆಡೆ ಸೇರಿಸಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೨

ಮೊದಲು ಪರಿಭಾಷೆಯನ್ನು ತಿಳಿದುಕೊಳ್ಳಬೇಕು. ಗಂಡನ ಶವದೊಡನೆ ಒಂದೇ ಚಿತೆಯನ್ನು ಏರುವುದು ಸಹಗಮನ, ಸಹಮರಣವೆಂದೂ ಹೇಳುವರು. ಗಂಡನು ದೂರದಲ್ಲಿ ಮೃತನಾದಾಗ ಸುದ್ದಿಯನ್ನು ಕೇಳಿ ಬೇರೆ ಚಿತೆಯನ್ನು ಏರುವುದು ಅನುಮರಣ ಅಥವಾ ಅನುಗಮನ. ಚಿತೆಯನ್ನು ಹತ್ತುವುದೆಂಬ ಅರ್ಥದಲ್ಲಿ ಅನ್ವಾರೋಹಣವೆಂಬ ಪದವು ಎರಡಕ್ಕೂ ಸಲ್ಲುತ್ತದೆ. ‘ಸತಿ’ ಎಂಬುದು ನಮ್ಮ ಗ್ರಂಥಗಳಲ್ಲಿ ಆ ಹೆಂಗಸಿನ ಹೆಸರೇ ಹೊರತು ಆಚಾರದ ಹೆಸರಲ್ಲ; ಆಚಾರಕ್ಕೆ ಆ ಹೆಸರು ಬಂದುದು ಆಂಗ್ಲರ ಬಳಕೆಯಿಂದ.

ಆಚಾರವು ಪ್ರಾಚೀನವಾದುದೆಂಬುದರಲ್ಲಿ ಸಂದೇಹವಿಲ್ಲ. ಮಧ್ಯದೇಶದ ಏರಣದಲ್ಲಿರುವ ಕ್ರಿ. ಶ. ೫೧೦ರ ಸ್ತಂಭಶಾಸನವು ಭಾನುಗುಪ್ತನ ಪಕ್ಷದಲ್ಲಿ ಹೋರಾಡಿ ಮಡಿದ ಗೋಪರಾಜನ ಹೆಂಡತಿಯು ಅಗ್ನಿಯನ್ನು ಹೊಕ್ಕಳೆಂದು ಹೇಳುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಮಾದ್ರಿಯು ಪಾಂಡುವಿನೊಡನೆ ಹೋಗುವಳು. ಮೌಸಲಪರ್ವದಲ್ಲಿ ವಸುದೇವನ ಪತ್ನಿಯರು ನಾಲ್ವರು ಚಿತೆಯನ್ನೇರುವರು. ಆದರೆ ಅದೇ ಇತಿಹಾಸವು ಉಳಿದವರನ್ನೂ ಹೇಳಿದೆ. ಕೃಷ್ಣನ ಪತ್ನಿಯರಲ್ಲಿ ರುಕ್ಮಿಣಿಯೇ ಮೊದಲಾದವರು ಅಗ್ನಿಯನ್ನು ಹೊಕ್ಕರೆ ಸತ್ಯಭಾಮೆಯು ತಪಸ್ಸಿಗೆಂದು ಅರಣ್ಯಕ್ಕೆ ಹೋದಳು. ಪಾಂಡುವಿನ ಹಿರಿಯ ಪತ್ನಿಯಾದ ಕುಂತಿಯು ತಾನೇ ಹೋಗುವೆನೆಂದಳು. ಮಾದ್ರಿಯು ಒಪ್ಪದೆ, ತನ್ನ ಅವಳಿಮಕ್ಕಳನ್ನು ಅವಳ ಕೈಗೆ ಒಪ್ಪಿಸಿ ತಾನು ಹೋದಳು. ಕುಂತಿಯು ಉಳಿದು ಐವರನ್ನು ಬೆಳೆಯಿಸಿದಳು. ಮುಂದಿನ ಭಾರತಕಥೆಯೆಲ್ಲವೂ ಉಳಿದವಳ ಮಡಿಲಿನಿಂದ ಬಂದುದು. ಸತ್ತವಳನ್ನು ಮಾತ್ರ ಪತಿವ್ರತೆಯೆಂದೂ ಉಳಿದವಳನ್ನು ಅಮಂಗಳೆಯೆಂದೂ ವಿಭಾಗಿಸುವ ಬುದ್ಧಿಯು ವ್ಯಾಸರ ಗ್ರಂಥದಲ್ಲಿ ಕಾಣುವುದಿಲ್ಲ.

೩

ಇನ್ನು ಧರ್ಮಶಾಸ್ತ್ರವನ್ನು ನೋಡೋಣ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಗಂಡನಿಲ್ಲದ ಹೆಂಗಸಿನ ನಡೆವಳಿಯು ಹೇಳಲ್ಪಟ್ಟಿದೆ. ಫಲಮೂಲಗಳಿಂದ ದೇಹವನ್ನು ಸವೆಯಿಸಿ, ಪರಪುರುಷನ ಹೆಸರನ್ನೂ ಎತ್ತದೆ, ಕ್ಷಮೆಯಿಂದ ಕೂಡಿ ಮರಣಪರ್ಯಂತ ಬ್ರಹ್ಮಚರ್ಯದಲ್ಲಿ ಇರಬೇಕೆಂಬುದು ಅದರ ತಾತ್ಪರ್ಯ. ಈ ವಿಧಿಯು ಕಠಿನವಾದುದು. ಅದನ್ನು ನಾನು ಸಮರ್ಥಿಸಹೊರಟಿಲ್ಲ. ಆದರೆ ಇಲ್ಲಿ ಅಗ್ನಿಪ್ರವೇಶದ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಆಯುಸ್ಸು ಇರುವವರೆಗೆ ಅವಳು ಬದುಕುವಳೆಂಬುದನ್ನು ಇಟ್ಟುಕೊಂಡೇ ಮನುವು ವಿಧಿಯನ್ನು ಹೇಳಿದ್ದಾನೆ.

ಸುಮಾರು ಒಂಬತ್ತನೆಯ ಶತಮಾನದಲ್ಲಿದ್ದ ಮೇಧಾತಿಥಿಯು ಈ ಸ್ಥಳಕ್ಕೆ ವ್ಯಾಖ್ಯಾನವನ್ನು ಬರೆಯುವಾಗ ಅನುಮರಣದ ವಿಚಾರವನ್ನು ತಾನಾಗಿ ಎತ್ತಿಕೊಳ್ಳುತ್ತಾನೆ. ಅದನ್ನು ಹೇಳುವ ಸ್ಮೃತಿವಚನಗಳು ಉಂಟೆಂದು ಆತನಿಗೆ ಗೊತ್ತು. ಆದರೂ ಪುರುಷರಿಗೆ ಹೇಗೋ ಸ್ತ್ರೀಯರಿಗೂ ಹಾಗೆಯೇ ಆತ್ಮಹತ್ಯೆಯು ನಿಷಿದ್ಧವೆಂದು ನಿರ್ಣಯಿಸುತ್ತಾನೆ. ಆತನು ಕೊಡುವ ದೃಷ್ಟಾಂತವು ಶ್ಯೇನಯಾಗ. ಶತ್ರುವನ್ನು ಕೊಲ್ಲಬಯಸುವವನು ಶ್ಯೇನವನ್ನು ಮಾಡಬೇಕೆಂದು ವೇದವು ಹೇಳಿದೆ. ಹೇಳಿದ ಮಾತ್ರಕ್ಕೆ ಕೊಲೆಯು ಧರ್ಮವಾಗುವುದಿಲ್ಲ. ಫಲದ ಮೇಲಿನ ಆಸೆಯಿಂದ ಪ್ರವೃತ್ತನಾದವನಿಗೆ ಉಪಾಯವನ್ನು ತಿಳಿಸಿದ್ದಷ್ಟೇ ಆಯಿತು. ಹಾಗೆಯೇ ಇದೂ. ಮತ್ತು ಆಯುಸ್ಸು ತೀರುವ ಮೊದಲು ಸ್ವರ್ಗವನ್ನು ಬಯಸಿ ಸಾಯಬಾರದೆಂಬ ಶ್ರುತಿಯು ಸ್ಮೃತಿಗಿಂತ ಬಲವತ್ತರವೆಂದು ಆತನ ವಾದ. ಮೀಮಾಂಸೆಯನ್ನು ಓದಿದವರಿಗೆ ಈ ವಾದದ ತೂಕವು ತಿಳಿಯುತ್ತದೆ.

ಮೇಧಾತಿಥಿಯ ಮಾತು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ರಾಜಧಾನಿಯಾದ ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದನು. ಆಚಾರಾಧ್ಯಾಯದಲ್ಲಿ ಆತನು ಅನ್ವಾರೋಹಣವನ್ನು ಒಪ್ಪುತ್ತಾನೆ. ಎಲ್ಲ ವರ್ಣದ ಹೆಂಗಸರಿಗೂ ಸಮಾನವೆನ್ನುತ್ತಾನೆ. ಆದರೆ ಒಪ್ಪಿಗೆಯ ಸುತ್ತಲೂ ಬೇಲಿಯನ್ನು ಹಾಕಿರುತ್ತಾನೆ. ಗರ್ಭಿಣಿಯು ಹೋಗಕೂಡದು. ಎಳೆಯ ಮಕ್ಕಳುಳ್ಳವಳು ಹೋಗಕೂಡದು. ಮೇಲಾಗಿ, ಮೋಕ್ಷವನ್ನು ಬಯಸದೆ ಅನಿತ್ಯವೂ ಅಲ್ಪವೂ ಆದ ಸ್ವರ್ಗಸುಖವನ್ನು ಬಯಸುವವಳಿಗೆ ಮಾತ್ರ, ಇತರ ಕಾಮ್ಯಕರ್ಮಗಳಂತೆ ಇದೂ ಯುಕ್ತವೆಂಬುದು ಆತನ ಸಿದ್ಧಾಂತ. ನಿತ್ಯಕರ್ಮವನ್ನು ಬಿಟ್ಟರೆ ದೋಷವುಂಟು. ಕಾಮ್ಯವನ್ನು ಬಿಟ್ಟರೆ ಯಾವ ದೋಷವೂ ಇಲ್ಲ. ಆದಕಾರಣ ಮಿತಾಕ್ಷರೆಯ ಮತದಂತೆಯೂ ಹೋಗದೆ ಉಳಿದವಳು ಯಾವ ಪಾಪಕ್ಕೂ ಗುರಿಯಾಗಳು. ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿ, ಭಾಗವಾಗಿ ಬೇರೆಯಿದ್ದ ಗಂಡನು ಗಂಡುಮಕ್ಕಳಿಲ್ಲದೆ ಸತ್ತರೆ ಸಾಧ್ವಿಯಾದ ಹೆಂಡತಿಯೇ ಆತನ ಸಮಸ್ತ ಧನಕ್ಕೂ ಮೊದಲನೆಯ ಅಧಿಕಾರಿಯೆಂದು ವಿಜ್ಞಾನೇಶ್ವರನು ದೀರ್ಘವಾದ ವಾದದಿಂದ ಸ್ಥಾಪಿಸಿದ್ದಾನೆ. ಬದುಕುವವಳಿಗಲ್ಲವೆ ಧನವು ಬೇಕಾಗುವುದು?

೪

ಶಾಸ್ತ್ರವು ವಿಧಿನಿಷೇಧಗಳನ್ನು ಹೇಳುತ್ತದೆ. ಅಳುವವರ ಮುಖವನ್ನು ತೋರಿಸುವುದು ಕಾವ್ಯದ ಕೆಲಸ. ಏಳನೆಯ ಶತಮಾನದ ಬಾಣಭಟ್ಟನು ಈ ಪ್ರಸಂಗವನ್ನು ಮೂರು ಸಲ ಎತ್ತಿಕೊಂಡಿದ್ದಾನೆ.

ಹರ್ಷಚರಿತದಲ್ಲಿ ಪ್ರಭಾಕರವರ್ಧನನು ಇನ್ನೂ ಸಾಯುವ ಮೊದಲೇ ರಾಣಿ ಯಶೋವತಿಯು ಅಗ್ನಿಪ್ರವೇಶಕ್ಕೆ ಸಿದ್ಧಳಾಗುತ್ತಾಳೆ. ಮಗನಾದ ಹರ್ಷನು ಕಾಲಿಗೆ ಬಿದ್ದು, ತನ್ನನ್ನು ಬಿಟ್ಟುಹೋಗಬೇಡವೆಂದು ಬೇಡುತ್ತಾನೆ. ಅವಳಿಗೂ ಕಣ್ಣೀರು ತಡೆಯುವುದಿಲ್ಲ; ಆದರೂ ಹೋಗುತ್ತಾಳೆ. ಮುಂದೆ ಅದೇ ಗ್ರಂಥದಲ್ಲಿ, ಗಂಡನಾದ ಗ್ರಹವರ್ಮನನ್ನು ಕಳೆದುಕೊಂಡ ರಾಜ್ಯಶ್ರೀಯು ವಿಂಧ್ಯಾಟವಿಯಲ್ಲಿ ಚಿತೆಯನ್ನು ಹೊಗುವ ಹೊತ್ತಿಗೆ ಅಣ್ಣನಾದ ಹರ್ಷನು ಬಂದು ಅವಳನ್ನು ಉಳಿಸುತ್ತಾನೆ. ತಾಯಿಯನ್ನು ತಡೆಯಲಾರದವನು ತಂಗಿಯನ್ನು ತಡೆದನು. ಬಾಣನು ಇವೆರಡನ್ನೂ ಯಾವ ಟೀಕೆಯನ್ನೂ ಮಾಡದೆ ಹೇಳಿ ಮುಗಿಸಿದ್ದಾನೆ.

ಆತನ ಸ್ವಂತ ಅಭಿಪ್ರಾಯವು ಕಾದಂಬರಿಯಲ್ಲಿ ದೊರೆಯುತ್ತದೆಂದು ನನ್ನ ಊಹೆ. ಪುಂಡರೀಕನು ಸತ್ತ ಮೇಲೂ ತಾನು ಬದುಕಿರುವೆನೆಂದು ಮಹಾಶ್ವೇತೆಯು ತನ್ನನ್ನು ತಾನೇ ನಿಂದಿಸಿಕೊಳ್ಳುವಾಗ ಚಂದ್ರಾಪೀಡನು ಅವಳನ್ನು ಸಮಾಧಾನಪಡಿಸುತ್ತಾನೆ. ಅನುಮರಣವೆಂಬುದು ಕೇವಲ ನಿಷ್ಫಲವಾದುದು, ಅವಿದ್ವಾಂಸರು ಹಿಡಿದ ದಾರಿ, ಮೋಹದ ವಿಲಾಸವೆಂದು ಆತನು ಖಂಡಿಸುವನು. ಸತ್ತವನಿಗೆ ಅದರಿಂದ ಯಾವ ಉಪಕಾರವೂ ಇಲ್ಲ, ಆತನು ತನ್ನ ಕರ್ಮಕ್ಕೆ ತಕ್ಕ ಲೋಕಕ್ಕೆ ಹೋಗುವನು, ಪ್ರಾಣವನ್ನು ತಾನಾಗಿ ಬಿಟ್ಟವಳು ಆತ್ಮಹತ್ಯೆ ಮಾಡಿಕೊಂಡವರ ಗತಿಯನ್ನು ಹೊಂದುವಳು, ಪರಸ್ಪರ ಸಮಾಗಮವೆಲ್ಲಿಯದು? ಬದುಕಿದ್ದರೆ ಜಲಾಂಜಲಿಯನ್ನಾದರೂ ಕೊಟ್ಟು ಉಪಕರಿಸಬಹುದು. ಹೀಗೆ ಹೇಳಿ, ಉಳಿದು ಬದುಕಿದ ರತಿ, ಕುಂತಿ, ಉತ್ತರೆ, ದುಶ್ಶಲೆಯರನ್ನು ಹೆಸರಿಸುವನು. ಸತ್ತವರನ್ನು ಸ್ಮರಿಸುವ ಪಟ್ಟಿಗಳು ನಮ್ಮಲ್ಲಿ ಬಹಳವಾಗಿವೆ. ಉಳಿದವರನ್ನು ಗೌರವದಿಂದ ಹೆಸರಿಸುವ ಪಟ್ಟಿ ಬಹಳ ಅಪರೂಪ. ಕಾದಂಬರಿಯ ಕಥೆಯನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಕನ್ನಡ ಚಂಪುವಾಗಿ ರಚಿಸಿದ್ದರಿಂದ ನಮ್ಮವರಿಗೆ ಮಹಾಶ್ವೇತೆಯ ಪರಿಚಯವು ಸಾವಿರ ವರ್ಷಗಳಿಂದಲೂ ಇದೆ.

೫

ಇನ್ನು ಕನ್ನಡನಾಡಿನ ಶಾಸನಗಳ ಕಡೆಗೆ ತಿರುಗೋಣ. ಮಾಸ್ತಿಕಲ್ಲುಗಳಲ್ಲಿ ಬಹುಭಾಗಕ್ಕೆ ಬರೆಹವೇ ಇಲ್ಲ. ಬರೆಹವಿದ್ದಲ್ಲಿಯೂ ಸಾಮಾನ್ಯವಾಗಿ ಹೆಸರು, ಗಂಡನ ಹೆಸರು, ಕಾಲ, ಹೆಚ್ಚೆಂದರೆ ಬಿಟ್ಟ ಭೂಮಿ ಇಷ್ಟೇ. ಅವಳು ಏನು ಹೇಳಿದಳು, ಯಾರು ಅತ್ತರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಈ ಮೌನಕ್ಕೆ ಅಪವಾದವಾಗಿರುವುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ. ಅದರ ಕಾಲ ಶಕವರ್ಷ ೯೭೯, ಎಂದರೆ ಕ್ರಿ. ಶ. ೧೦೫೭. ಆಗ ಆ ಪ್ರಾಂತವು ಚೋಳರ ಆಳಿಕೆಗೆ ಒಳಪಟ್ಟಿತ್ತು.

ಆ ಶಾಸನದ ನಾಯಕಿ ದೇಕಬ್ಬೆ. ಅವಳ ತಂದೆ ರವಿಗ, ಗಂಡ ಏಚ. ಏಚನು ಮಲ್ಲಯುದ್ಧದಲ್ಲಿ ತನ್ನ ದಾಯಾದಿಯೊಬ್ಬನನ್ನು ಕೊಂದನು. ಅದಕ್ಕಾಗಿ ಅರಸನ ಅಪ್ಪಣೆಯಂತೆ ತಲಕಾಡಿನಲ್ಲಿ ಆತನಿಗೆ ಮರಣದಂಡನೆಯಾಯಿತು. ಸುದ್ದಿಯನ್ನು ಕೇಳಿದ ದೇಕಬ್ಬೆಯು ಅಗ್ನಿಯನ್ನು ಹೊಗಲು ನಿಶ್ಚಯಿಸಿದಳು. ತಂದೆತಾಯಿಗಳು ಬೇಡವೆಂದು ತಡೆದರು. ತಾನು ಇಂತಹವನ ಮಗಳು, ಇಂತಹವನ ಹೆಂಡತಿ, ಹಿಂದೆಗೆಯಲಾರೆನೆಂದು ಅವಳು ಉತ್ತರ ಕೊಟ್ಟಳು. ದಾನಗಳನ್ನು ಮಾಡಿ, ಕೈಮುಗಿದು ಉರಿಯನ್ನು ಹೊಕ್ಕಳು. ಈ ಶಾಸನವು ಬರಿಯ ದಾಖಲೆಯಲ್ಲ, ಪದ್ಯಗಳಲ್ಲಿ ರಚಿತವಾದ ಒಂದು ಸಣ್ಣ ಕಾವ್ಯ. ನಮ್ಮ ವಿದ್ವಾಂಸರು ಅದರ ಕರುಣರಸವನ್ನು ಮೆಚ್ಚಿಕೊಂಡಿದ್ದಾರೆ.

ಶಾಸನದ ಉದ್ದೇಶವು ದೇಕಬ್ಬೆಯನ್ನು ಹೊಗಳುವುದು. ತಂದೆತಾಯಿಗಳು ತಡೆದರೆಂಬುದನ್ನು ಕವಿಯು ಹೇಳಿದ್ದೂ ಅವಳ ದೃಢತೆಯನ್ನು ಎತ್ತಿತೋರಿಸುವುದಕ್ಕಾಗಿಯೇ ಇರಬಹುದು. ಹಾಗಿದ್ದರೂ ಅದು ನಮಗೆ ಅಮೂಲ್ಯವಾದ ಸಾಕ್ಷ್ಯ. ಕೀರ್ತಿಯು ಮನೆತನಕ್ಕೆ ಬರುವುದೆಂದು ಹಿಗ್ಗಿದ ತಂದೆತಾಯಿಗಳನ್ನು ಕವಿಯು ಕಲ್ಪಿಸಲಿಲ್ಲ. ಮಗಳನ್ನು ತಡೆದವರನ್ನೇ ಚಿತ್ರಿಸಿದನು. ಕೇಳುವವರು ಅದನ್ನು ಸಹಜವೆಂದು ಒಪ್ಪುವರೆಂದು ಆತನಿಗೆ ಗೊತ್ತಿತ್ತು. ಹನ್ನೊಂದನೆಯ ಶತಮಾನದ ಕನ್ನಡಿಗರಿಗೂ ಮಗಳು ಬದುಕಬೇಕೆಂಬ ಆಸೆಯು ಧರ್ಮವಿರುದ್ಧವೆಂದು ತೋರಿರಲಿಲ್ಲ.

೬

ದೇಕಬ್ಬೆಯ ಮಾತು ನಮಗೆ ಕವಿಯ ಮೂಲಕ ಬಂದುದು. ಹೋಗುವವಳ ಮಾತನ್ನು ಎದುರಿಗೆ ಕುಳಿತು ಕೇಳಿ ಬರೆದಿಟ್ಟವನೊಬ್ಬನಿದ್ದಾನೆ. ಇಟಲಿ ದೇಶದ ಪಿಯೆತ್ರೊ ದೆಲ್ಲಾ ವಾಲ್ಲೆಯೆಂಬ ಪ್ರವಾಸಿಯು ಗೋವೆಯ ಪೋರ್ತುಗೀಸರ ರಾಯಭಾರಿಯೊಡನೆ ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದು, ೧೬೨೩ರ ನವೆಂಬರ್ ತಿಂಗಳಲ್ಲಿ ಇಕ್ಕೇರಿಯಲ್ಲಿದ್ದನು. ಅಲ್ಲಿ ಆತನು ಕುದುರೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿಯನ್ನೂ ಮತ್ತೊಂದರಲ್ಲಿ ನಿಂಬೆಯ ಹಣ್ಣನ್ನೂ ಹಿಡಿದು, ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುತ್ತ, ದುಃಖದ ರಾಗದಲ್ಲಿ ಏನನ್ನೋ ಹಾಡುತ್ತ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸನ್ನು ಕಂಡನು. ಕೆಲವು ದಿನಗಳಲ್ಲಿ ಅವಳು ಅಗ್ನಿಯನ್ನು ಹೊಗುವಳೆಂದು ಜನರು ಹೇಳಿದರು. ನಮ್ಮ ಮಾಸ್ತಿಕಲ್ಲಿನ ಕೈಯಲ್ಲಿರುವ ನಿಂಬೆಯ ಹಣ್ಣಿಗೆ ಈ ವರ್ಣನೆಗಿಂತ ಒಳ್ಳೆಯ ವ್ಯಾಖ್ಯಾನವು ಬೇಕಿಲ್ಲ.

ಆತನು ಅವಳ ಮನೆಯನ್ನು ಹುಡುಕಿಕೊಂಡು ಹೋಗಿ ದುಭಾಷಿಯ ಮೂಲಕ ಮಾತನಾಡಿದನು. ಅವಳ ಹೆಸರನ್ನು ಆತನು ಬರೆದಿರುವ ರೀತಿಯನ್ನು ನೋಡಿದರೆ ಜಕ್ಕಮ್ಮನೆಂದು ತೋರುತ್ತದೆ. ತೆಲುಗರವಳು, ಗಂಡನು ವಾದ್ಯವನ್ನು ಬಾರಿಸುವವನು. ರಾಜವಂಶದ ಅಥವಾ ವೀರಭಟರ ಮನೆತನದ ಆಚಾರವೆಂದು ನಾವು ತಿಳಿಯುವುದು ಬಡ ವಾದ್ಯಗಾರನ ಮನೆಯನ್ನೂ ಮುಟ್ಟಿತ್ತು. ಆತನ ಹಿರಿಯ ಹೆಂಡಿರಿಬ್ಬರು ತಮಗೆ ಬಹಳ ಮಕ್ಕಳಿರುವರೆಂದು ಕಾರಣ ಹೇಳಿ ಹೋಗಲೊಪ್ಪಲಿಲ್ಲ. ಆದರೆ ಜಕ್ಕಮ್ಮನಿಗೂ ಆರೇಳು ವರ್ಷದ ಮಗನೂ ಒಬ್ಬ ಮಗಳೂ ಇದ್ದರು. ಈ ಎಳೆಯರನ್ನು ಹೇಗೆ ಬಿಟ್ಟುಹೋಗುವೆ, ಉಳಿಯಬಾರದೆ ಎಂದು ಆ ಪರದೇಶಿಯು ಬಗೆಬಗೆಯಾಗಿ ಕೇಳಿದನು. ಮಕ್ಕಳನ್ನು ತನ್ನ ನೆಂಟನೊಬ್ಬನ ವಶಕ್ಕೆ ಕೊಟ್ಟಿರುವೆನು, ಸವತಿಯರೂ ನೋಡಿಕೊಳ್ಳುವರು, ಯಾರ ಬಲಾತ್ಕಾರವೂ ಇಲ್ಲದೆ ಸ್ವಂತ ಇಷ್ಟದಿಂದಲೇ ಹೋಗುವೆನೆಂದು ಅವಳು ಎದೆಗುಂದದೆ ಉತ್ತರವಿತ್ತಳು. ಆ ನೆಂಟನು ಅಲ್ಲಿಯೇ ಇದ್ದು, ತಮ್ಮ ಮನೆಯವಳೊಬ್ಬಳು ಇಂತಹ ಕೆಲಸವನ್ನು ಮಾಡುವಳೆಂದು ಸಂತೋಷಪಡುವಂತೆ ಕಾಣುತ್ತಿದ್ದನಂತೆ.

ಈ ಸಂದರ್ಭದಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಎಳೆಯ ಮಕ್ಕಳುಳ್ಳವಳು ಹೋಗಕೂಡದೆಂಬ ಮಿತಾಕ್ಷರೆಯ ಬೇಲಿಯು ಕನ್ನಡನಾಡಿನಲ್ಲಿಯೇ ಮುರಿದುಬಿದ್ದಿತ್ತು. ಶಾಸ್ತ್ರದ ಒಪ್ಪಿಗೆಯು ಜನರಿಗೆ ತಲಪಿತು, ಶಾಸ್ತ್ರದ ಕಟ್ಟಳೆಯು ತಲಪಲಿಲ್ಲ. ಎರಡನೆಯದಾಗಿ, ಅದೇ ಗಂಡನ ಇಬ್ಬರು ಹೆಂಡಿರು ಉಳಿದರು. ಉಳಿಯುವುದು ಅಸಾಧ್ಯವಾಗಿರಲಿಲ್ಲ, ಆದರೆ ಉಳಿಯುವುದಕ್ಕೆ ಕಾರಣವನ್ನು ಹೇಳಬೇಕಾಗಿತ್ತು. ಮೂರನೆಯದು ಅವಳ ‘ಸ್ವಂತ ಇಷ್ಟ’. ಬಲಾತ್ಕಾರವು ಎಂದಾದರೂ ಉಂಟೇ ಎಂದು ಆ ಪ್ರವಾಸಿಯು ಕೇಳಿದಾಗ, ಸಾಮಾನ್ಯವಾಗಿ ಇಲ್ಲವೆಂದೂ, ದೊಡ್ಡ ಮನೆತನಗಳಲ್ಲಿ ವಿಧವೆಯು ಎಳೆಯಳೂ ಸುಂದರಿಯೂ ಆಗಿದ್ದು ಮರುಮದುವೆಯಾಗಿ ಮನೆಗೆ ಅಪಕೀರ್ತಿಯನ್ನು ತಂದಾಳೆಂಬ ಭಯವಿದ್ದಲ್ಲಿ ಗಂಡನ ಕಡೆಯವರು ಬಲಾತ್ಕರಿಸುವುದುಂಟೆಂದೂ ಅಲ್ಲಿದ್ದವರು ಒಪ್ಪಿಕೊಂಡರು. ಜಕ್ಕಮ್ಮನು ಸುಳ್ಳಾಡಿದಳೆಂದು ನಾನು ಹೇಳಲಾರೆ. ಅವಳ ಧೈರ್ಯವನ್ನು ಹಗುರವಾಗಿ ನೋಡುವ ಅಧಿಕಾರವು ನಮಗೆ ಯಾರಿಗೂ ಇಲ್ಲ. ಆದರೆ ಹೋಗುವವಳಿಗೆ ಕುದುರೆ, ಕೊಡೆ, ವಾದ್ಯ, ಕೀರ್ತಿ. ಉಳಿಯುವವಳಿಗೆ ಹಿತ್ತಲ ಕೋಣೆ. ಇಂತಹ ಲೋಕದಲ್ಲಿ ಹುಟ್ಟಿದ ಇಷ್ಟವನ್ನು ಸ್ವತಂತ್ರವೆನ್ನುವುದಕ್ಕೆ ಮೊದಲು ಬಹಳ ಯೋಚಿಸಬೇಕು.

೭

ಈ ವಿಚಾರವು ಕೊನೆಗೆ ರಾಜಶಾಸನದ ಮಟ್ಟಕ್ಕೆ ಬಂದುದು ವಂಗದೇಶದಲ್ಲಿ. ಅಲ್ಲಿನ ಇತಿಹಾಸವು ನಮ್ಮಂತಹ ಸಂಸ್ಕೃತ ಪಂಡಿತರಿಗೆ ವಿಶೇಷವಾಗಿ ಸಂಬಂಧಿಸಿದುದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಈಸ್ಟ್ ಇಂಡಿಯಾ ಕಂಪೆನಿಯ ಸರಕಾರವು ಪಂಡಿತರ ಅಭಿಪ್ರಾಯಗಳನ್ನು ಕೇಳಿ, ೧೮೧೩ರಲ್ಲಿ ಒಂದು ಸೂಚನೆಯನ್ನು ಹೊರಡಿಸಿತು. ಗರ್ಭಿಣಿಯನ್ನೂ ಎಳೆಯ ಹುಡುಗಿಯನ್ನೂ ಮಾದಕಪದಾರ್ಥಗಳಿಂದ ಮೈಮರೆಯಿಸಲ್ಪಟ್ಟವಳನ್ನೂ ತಡೆಯಬೇಕು. ಶಾಸ್ತ್ರಸಮ್ಮತವಾಗಿ ಸ್ವಇಚ್ಛೆಯಿಂದ ಹೋಗುವವಳನ್ನು ತಡೆಯಬಾರದು. ಪೋಲೀಸಿನವನು ನಿಂತು ನೋಡಿ ವರದಿಯನ್ನು ಕಳುಹಿಸುವನು. ಇದರಿಂದ ತಡೆಯಾಗುವ ಬದಲು ಸರಕಾರದ ಅನುಮತಿಯೇ ದೊರೆತಂತೆ ಜನರಿಗೆ ತೋರಿತು. ಬಂಗಾಳದ ಆಧಿಪತ್ಯದಲ್ಲಿ ೧೮೧೫ರಲ್ಲಿ ೩೭೮ ಸಹಗಮನಗಳು ಲೆಕ್ಕಕ್ಕೆ ಬಂದುವು, ೧೮೧೮ರಲ್ಲಿ ೮೩೯. ೧೮೧೫ರಿಂದ ೧೮೨೮ರವರೆಗೆ ಕೂಡಿಸಿದರೆ ಒಟ್ಟು ೮,೧೩೪. ಇದರಲ್ಲಿ ಅರ್ಧಕ್ಕೂ ಮಿಕ್ಕುದು ಕಲಕತ್ತೆಯ ವಿಭಾಗವೊಂದರಲ್ಲಿಯೇ. ಪಂಡಿತರು ಕೊಟ್ಟ ವ್ಯವಸ್ಥಾಪತ್ರಗಳು ಈ ಲೆಕ್ಕದ ಹಿಂದೆ ನಿಂತಿವೆಯೆಂಬುದನ್ನು ನಾವು ಮರೆಯಲಾಗದು.

ಆದರೆ ತಡೆದವರಲ್ಲಿಯೂ ಪಂಡಿತರಿದ್ದರು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಂಡಿತನಾಗಿದ್ದ ಮೃತ್ಯುಂಜಯ ವಿದ್ಯಾಲಂಕಾರನು ೧೮೧೭ರಲ್ಲಿ, ಸಹಗಮನವು ಶಾಸ್ತ್ರದಂತೆ ಆವಶ್ಯಕವಲ್ಲವೆಂದೂ ಬ್ರಹ್ಮಚರ್ಯದಿಂದ ಬದುಕುವುದೇ ಮೇಲೆಂದೂ ಅಭಿಪ್ರಾಯವನ್ನು ಬರೆದುಕೊಟ್ಟನು. ಆತನು ಯಾವ ಸುಧಾರಕರ ಗುಂಪಿಗೂ ಸೇರಿದವನಲ್ಲ. ರಾಮಮೋಹನರಾಯನ ವೇದಾಂತವ್ಯಾಖ್ಯಾನವನ್ನು ಖಂಡಿಸಿ ಬರೆದವನು. ಮಾರನೆಯ ವರ್ಷ, ೧೮೧೮ರಲ್ಲಿ, ರಾಮಮೋಹನರಾಯನು ಪ್ರವರ್ತಕ ನಿವರ್ತಕರ ಸಂವಾದರೂಪವಾದ ಪುಸ್ತಕವನ್ನು ವಂಗಭಾಷೆಯಲ್ಲಿ ಪ್ರಕಟಿಸಿದನು. ಮನುವಿನ ಬ್ರಹ್ಮಚರ್ಯವಿಧಿ, ಕಾಮ್ಯಕರ್ಮಕ್ಕಿಂತ ನಿಷ್ಕಾಮಕರ್ಮದ ಶ್ರೇಷ್ಠತೆ ಇವೇ ಆತನ ಮುಖ್ಯ ಯುಕ್ತಿಗಳು. ಮೇಧಾತಿಥಿಯನ್ನೂ ವಿಜ್ಞಾನೇಶ್ವರನನ್ನೂ ಓದಿದವರಿಗೆ ಈ ಯುಕ್ತಿಗಳಲ್ಲಿ ಹೊಸತೇನೂ ಕಾಣುವುದಿಲ್ಲ. ಆತನಲ್ಲಿ ಹೊಸತಾಗಿದ್ದುದು ಸ್ಮಶಾನದಲ್ಲಿ ನಡೆಯುವುದನ್ನು ಇದ್ದಂತೆ ಬರೆದದ್ದು. ವಿಧವೆಯನ್ನು ಶವಕ್ಕೆ ಕಟ್ಟಿ, ಏಳಲಾರದಷ್ಟು ಸೌದೆಯನ್ನು ಒಟ್ಟಿ, ಬಿದಿರುಗಳಿಂದ ಅದುಮಿ ಹಿಡಿಯುವುದು ಯಾವ ಶಾಸ್ತ್ರದಲ್ಲಿದೆಯೆಂದು ಆತನು ಕೇಳಿದನು. ಈ ಪ್ರಶ್ನೆಗೆ ಉತ್ತರ ಹೇಳುವುದು ಪ್ರತಿಪಕ್ಷದವರಿಗೆ ಸಾಧ್ಯವಿರಲಿಲ್ಲ.

೧೮೨೯ನೆಯ ಡಿಸೆಂಬರ್ ೪ರಂದು ಗವರ್ನರ್ ಜನರಲ್ ಬೆಂಟಿಂಕನು ಹದಿನೇಳನೆಯ ರೆಗ್ಯುಲೇಷನ್ನಿನಿಂದ ಸಹಗಮನವನ್ನು ನಿಷೇಧಿಸಿದನು. ಮುಂದಿನ ವರ್ಷ ಮದರಾಸು ಮುಂಬಯಿ ಆಧಿಪತ್ಯಗಳಲ್ಲಿಯೂ ನಿಷೇಧವಾಯಿತು. ಇದರ ವಿರುದ್ಧವಾಗಿ ಕಲಕತ್ತೆಯ ಸನಾತನಿಗಳು ಮಾಡಿಕೊಂಡ ಅಪೀಲನ್ನು ಇಂಗ್ಲೆಂಡಿನ ಪ್ರಿವಿ ಕೌನ್ಸಿಲು ೧೮೩೨ರಲ್ಲಿ ತಳ್ಳಿಹಾಕಿತು. ಅಧಿಕಾರವು ಪರರದಾಗಿತ್ತು, ವಾದವು ನಮ್ಮದೇ ಗ್ರಂಥಗಳಿಂದ ಬಂದಿತ್ತು. ಇಷ್ಟು ಹಳೆಯ ವಾದವು ಅಷ್ಟು ಶತಮಾನಗಳ ಕಾಲ ಏಕೆ ಜನರನ್ನು ತಡೆಯಲಿಲ್ಲವೆಂಬ ಪ್ರಶ್ನೆಯೂ ನಮ್ಮದೇ. ವ್ಯಾಖ್ಯಾನದ ಪುಟದಲ್ಲಿದ್ದ ನಿಷೇಧವನ್ನು ಊರಿನ ಬೀದಿಗೆ ತರುವ ಕೆಲಸವನ್ನು ಓದಿದವರು ಮಾಡಲಿಲ್ಲವೆಂಬುದೇ ನನಗೆ ತೋರುವ ಉತ್ತರ.

೮

ಚಿತೆಯೇನೋ ನಿಂತಿತು, ಉಳಿದವಳ ಬದುಕಿನ ಪ್ರಶ್ನೆ ಉಳಿಯಿತು. ಈಶ್ವರಚಂದ್ರ ವಿದ್ಯಾಸಾಗರನು ಪರಾಶರಸ್ಮೃತಿಯ ಆಧಾರದಿಂದ ೧೮೫೫ರಲ್ಲಿ ವಿಧವಾವಿವಾಹವನ್ನು ಸಮರ್ಥಿಸಿ ಬರೆದನು. ೧೮೫೬ರಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯು ದೊರೆಯಿತು. ಆತನೂ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಹೊರಕ್ಕೆ ಕಾಲಿಡುವ ಧೈರ್ಯವನ್ನು ಕೊಡುವುದು ಬೇರೆಯದೇ ಕೆಲಸ. ಕನ್ನಡದಲ್ಲಿ ಅದನ್ನು ಮೊದಲು ಕೈಕೊಂಡವನು ಗುಲ್ವಾಡಿ ವೆಂಕಟರಾಯ. ೧೮೯೯ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಆತನ ‘ಇಂದಿರಾಬಾಯಿ’ಯಲ್ಲಿ ಎಳೆಯ ವಿಧವೆಯೊಬ್ಬಳು ಹೆತ್ತವರ ನಿರ್ಬಂಧದಿಂದ ತಪ್ಪಿಸಿಕೊಂಡು, ವಿದ್ಯೆಯನ್ನು ಕಲಿತು, ಮರುಮದುವೆಯಾಗುವಳು. ಕನ್ನಡದ ಮೊದಲನೆಯ ಸ್ವತಂತ್ರ ಸಾಮಾಜಿಕ ಕಾದಂಬರಿಯು ಬದುಕಲು ನಿಶ್ಚಯಿಸಿದ ವಿಧವೆಯ ಕಥೆಯಾದುದು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ.

ಎಲ್ಲರಿಗೂ ಇಂದಿರೆಯ ಭಾಗ್ಯವಿರಲಿಲ್ಲ. ಉಳಿದು, ಹಿತ್ತಲ ಕೋಣೆಯಲ್ಲಿಯೇ ಬಾಳಿದವರ ಚರಿತ್ರೆಯನ್ನು ಎಂ. ಕೆ. ಇಂದಿರಾ ಅವರು ೧೯೭೬ರಲ್ಲಿ ‘ಫಣಿಯಮ್ಮ’ ಕಾದಂಬರಿಯಲ್ಲಿ ಬರೆದರು. ಅದು ಅವರ ಬಂಧುವರ್ಗದಲ್ಲಿ ನಿಜವಾಗಿ ಬಾಳಿದ ಬಾಲವಿಧವೆಯೊಬ್ಬರ ಕಥೆ. ಎಲ್ಲ ಕಟ್ಟುಪಾಡುಗಳನ್ನೂ ತಾವು ಅನುಭವಿಸಿದ ಫಣಿಯಮ್ಮನವರು, ತಲೆ ಬೋಳಿಸಿಕೊಳ್ಳಲಾರೆನೆಂದ ಎಳೆಯ ವಿಧವೆಯ ಪಕ್ಷವನ್ನು ವಹಿಸುತ್ತಾರೆ. ತಮಗೆ ಆದುದು 
ಮತ್ತೊಬ್ಬಳಿಗೆ ಆಗುವುದು ಬೇಡವೆಂಬ ಈ ಮಾತನ್ನು ತಡೆದವರ ಮಾತುಗಳ ಸಾಲಿಗೆ ಸೇರಿಸಬೇಕು. ನಾನು ಆ ಗ್ರಂಥವನ್ನು ಓದುವಾಗ ನಡುನಡುವೆ ಪುಸ್ತಕವನ್ನು ಮುಚ್ಚಬೇಕಾಯಿತು. ಚಿಕ್ಕಜ್ಜಿಯ ಅಕ್ಕಿಯ ಮೊರವು ಕಣ್ಣಮುಂದೆ ಬರುತ್ತಿತ್ತು.

ಇದೆಲ್ಲ ಮುಗಿದುಹೋದ ಕಥೆಯೆನ್ನುವಂತಿಲ್ಲ. ೧೯೮೭ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ದೇವರಾಲಾ ಗ್ರಾಮದಲ್ಲಿ ಹದಿನೆಂಟು ವರ್ಷದ ವಿಧವೆಯೊಬ್ಬಳು ಗಂಡನ ಚಿತೆಯಲ್ಲಿ ಬೆಂದುಹೋದಳು. ಆ ಮೇಲೆ ಅಲ್ಲಿ ಸಾವಿರಾರು ಜನರು ನೆರೆದು ಉತ್ಸವ ಮಾಡಿದರು. ಅದೇ ವರ್ಷ ಪಾರ್ಲಿಮೆಂಟು ಮಾಡಿದ ಕಾನೂನು ಆ ಕೃತ್ಯವನ್ನು ಮಾತ್ರವೇ ಅಲ್ಲದೆ ಅದನ್ನು ವೈಭವೀಕರಿಸುವುದನ್ನೂ ಅಪರಾಧವೆಂದು ವಿಧಿಸಿತು. ಕೀರ್ತಿಯೂ ಒಂದು ಬಗೆಯ ಬಲಾತ್ಕಾರವೆಂಬುದನ್ನು ಇಕ್ಕೇರಿಯ ಜಕ್ಕಮ್ಮನ ವೃತ್ತಾಂತವನ್ನು ಓದಿದವರು ಸುಲಭವಾಗಿ ತಿಳಿಯಬಹುದು.

೯

ಮೇಲೆ ಹೇಳಿದ್ದನ್ನು ಸಂಗ್ರಹಿಸಿ ಹೇಳುವುದಾದರೆ: ಸಹಗಮನವು ನಮ್ಮ ಸಂಪ್ರದಾಯದಲ್ಲಿ ಇತ್ತು, ಹೊಗಳಲ್ಪಟ್ಟಿತು, ಶಾಸ್ತ್ರಕಾರರಲ್ಲಿ ಅನೇಕರ ಒಪ್ಪಿಗೆಯನ್ನೂ ಪಡೆಯಿತು, ಅದನ್ನು ಮರೆಮಾಚುವುದು ವಿದ್ವತ್ತಿಗೆ ಒಪ್ಪುವುದಲ್ಲ. ಅದೇ ಸಂಪ್ರದಾಯದಲ್ಲಿ ಬೇಡವೆಂಬ ಮಾತೂ ಎಡೆಬಿಡದೆ ಇತ್ತು. ಬಾಣನು ಅದನ್ನು ರಾಜಕುಮಾರನ ಬಾಯಿಂದ ಹೇಳಿಸಿದನು. ಮೇಧಾತಿಥಿಯು ಮೀಮಾಂಸೆಯಿಂದ ಸಾಧಿಸಿದನು. ದೇಕಬ್ಬೆಯ ತಂದೆತಾಯಿಗಳು ಅಳುತ್ತ ಹೇಳಿದರು. ಈ ಮಾತುಗಳು ಸೋತವು. ಸೋತ ಮಾತುಗಳಿಗೆ ಕಲ್ಲು ನಿಲ್ಲಿಸುವವರಿಲ್ಲದ್ದರಿಂದ ನಾವು ಅವನ್ನು ಮರೆತೆವು.

ಕೊನೆಗೆ ವಿದ್ವಾಂಸರಲ್ಲಿ ಒಂದು ಅರಿಕೆ. ಮಾಸ್ತಿಕಲ್ಲುಗಳನ್ನು ಹುಡುಕಿ ಓದಿ ದಾಖಲಿಸುವ ಕೆಲಸವು ಈಗಲೂ ನಡೆಯುತ್ತಿದೆ, ನಡೆಯಬೇಕು. ಆ ಕೆಲಸದಲ್ಲಿ ಹೋದವಳ ಹೆಸರಿನೊಡನೆ, ಶಾಸನದಲ್ಲಿ ತಡೆದವರ ಮಾತೇನಾದರೂ ಇದ್ದರೆ, ಬಿಟ್ಟುಹೋದ ಮಕ್ಕಳ ಪ್ರಸ್ತಾಪವಿದ್ದರೆ, ಅದನ್ನೂ ಪ್ರತ್ಯೇಕವಾಗಿ ಗುರುತಿಸಿಡಬೇಕೆಂದು ಬೇಡುತ್ತೇನೆ. ಹಾಗೆಯೇ ಹಳೆಯ ಮನೆತನಗಳಲ್ಲಿ ಉಳಿದು ಬಾಳಿದ ವಿಧವೆಯರ ಹಾಡು, ಗಾದೆ, ಮಾತುಗಳನ್ನು ಬಲ್ಲ ವೃದ್ಧರು ಇನ್ನೂ ಕೆಲವರಿರುವರು. ಅವರಿರುವಾಗಲೇ ಕೇಳಿ ಬರೆದಿಡಬೇಕು. ನನ್ನ ಚಿಕ್ಕಜ್ಜಿಯವರು ತೀರಿಕೊಂಡು ನಲವತ್ತು ವರ್ಷಗಳ ಮೇಲಾಯಿತು. ಅವರ ಹೆಸರಿನ ಕಲ್ಲು ಎಲ್ಲಿಯೂ ಇಲ್ಲ. ಅವರು ಆರಿಸಿ ಬೇಯಿಸಿದ ಅನ್ನದಿಂದ ಮನೆಯ ಎರಡು ತಲೆಮಾರಿನ ಮಕ್ಕಳು ಬೆಳೆದರು. ಅವರಲ್ಲಿ ಈ ಲೇಖಕನೂ ಒಬ್ಬನು.